ವಾಲಗ ಬರುತ್ತಿದ್ದ ಬಾಗಿಲು

ಮಗಳ ಮದುವೆಗೆಂದು ಬೇಲೂರಿನ ಅಂಗಡಿಯೊಂದರಿಂದ, ಚಪ್ಪರದಲ್ಲಿ ಅಕ್ಕಿಯ ಮೇಲೆ ಕೂರಿಸುವ ಅರಿವೇಣಿ ಮಡಕೆಗಳನ್ನು ತಂದೆವು. ಸುಣ್ಣ ಬಳಿದು, ಕೆಂಪು ಗೆರೆ ಎಳೆದು, ಪ್ಲಾಸ್ಟಿಕ್ ಸುತ್ತಿಟ್ಟಿದ್ದವು. ಬಿಚ್ಚಿದಾಗ ಬರೀ ಬಣ್ಣದ ವಾಸನೆ. ಧೂಳು ಹೋಗಲೆಂದು ಒಳಗೆ ಒದ್ದೆ ಬಟ್ಟೆ ಆಡಿಸಿದೆ, ಸುಟ್ಟ ಮಣ್ಣಿನ ವಾಸನೆ ಎದ್ದಿತು. ನನ್ನ ತವರೂರು ಕಣಕಟ್ಟೆಯ ಕುಂಬಾರಜ್ಜಿಯ ಜಗುಲಿಯಲ್ಲಿ ವರ್ಷವಿಡೀ ಇದೇ ವಾಸನೆ ಬರುತ್ತಿತ್ತು...

ಅಜ್ಜಿಯ ಮನೆ ನನ್ನ ತವರಿನ ಹಿಂದಿನ ಬೀದಿಯಲ್ಲಿತ್ತು. ಊರಿನಲ್ಲಿ ಯಾರ ಮದುವೆಯಾದರೂ ಹಿಂದಿನ ದಿನ ಹೆಂಗಸರು ವಾಲಗದೊಂದಿಗೆ ಆ ಬಾಗಿಲಿಗೆ ಹೋಗಿ, ಅಕ್ಕಿ, ಬೆಲ್ಲ, ಕಾಯಿ ಕೊಟ್ಟು ಮಡಕೆ ಹೊತ್ತು ತರಬೇಕು. ಅವಳ ಮಾವನ ಅಜ್ಜನ ಕಾಲಕ್ಕೂ ಮುಂಚಿನಿಂದ ನಡೆದು ಬಂದದ್ದು. ಅವಳ ಗಂಡ, ಕುಂಬಾರಜ್ಜ, ತಿಗರಿಯ ಚಕ್ರ ತಿರುಗಿಸಿ ಮಡಕೆ ಎತ್ತುತ್ತಿದ್ದ. ಅಜ್ಜಿ ಅದನ್ನು ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆ ದುಂಡಗೆ ಮಾಡುತ್ತಿದ್ದಳು.

ನನ್ನ ಮದುವೆ ಗೊತ್ತಾದ ವರ್ಷವೇ ಅಜ್ಜ ತೀರಿಕೊಂಡ. ಇದ್ದವರು ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಗಂಡನ ಮನೆ ಸೇರಿದ್ದರು. ಹೆಂಗಸರು ತಿಗರಿ ಮುಟ್ಟಬಾರದೆಂಬುದು ಆ ಮನೆಯ ಕಟ್ಟುಪಾಡು. ಅರಸೀಕೆರೆ ಸಂತೆಯಲ್ಲಿ ತಂದರಾಯಿತು ಎಂದರು ಅಪ್ಪ. ಅದನ್ನು ತಿಳಿಸಲು ಅವ್ವ ಹೋದಾಗ ನಾನೂ ಜೊತೆಗಿದ್ದೆ.

"ಈ ಸಲ ಸಂತೇಲಿ ತತ್ತಾರಂತೆ ಕಣಜ್ಜಿ. ನಿಂಗ್ಯಾಕೆ ತೊಂದ್ರೆ," ಎಂದಳು ಅವ್ವ.

ಅಜ್ಜಿ ಬೇಡವೆಂದು ಕೈಯಾಡಿಸಿದಳು. "ಒಂದ್ಸಲ ಸಂತೆಯಿಂದ ಬಂದ್ರೆ ಮುಗೀತು. ಆಮ್ಯಾಕೆ ಈ ಬಾಗ್ಲಿಗೆ ವಾಲಗ ಬರಾಕಿಲ್ಲ ಕಣವ್ವ. ನಾನೇ ಕೊಡ್ತೀನಿ ಇರು."

ಹೇಗೆ ಕೊಡುತ್ತಾಳೋ ನಮಗೆ ಅರ್ಥವಾಗಲಿಲ್ಲ. ಕೆಲವು ದಿನ ಬಿಟ್ಟು ಹಿತ್ತಲಿಗೆ ಹೋಗಿ ನೋಡಿದರೆ, ಚಪ್ಪಡಿ ಕಲ್ಲಿನ ಮೇಲೆ ಮಣ್ಣಿನ ಮುದ್ದೆ ಇಟ್ಟುಕೊಂಡು, ಸೊಂಟ ಬಗ್ಗಿಸಿ, ಅದರ ಸುತ್ತ ತಾನೇ ಸುತ್ತುತ್ತಿದ್ದಳು. ಒಂದು ಕೈ ಒಳಗೆ, ಒಂದು ಕೈ ಹೊರಗೆ. ತಿಗರಿ ಗೋಡೆಗೆ ಒರಗಿತ್ತು. ನಾನು ಅದರ ಕಡೆ ನೋಡಿದ್ದು ಅವಳಿಗೆ ಗೊತ್ತಾಯಿತು.

"ಮುಟ್ಬ್ಯಾಡ ಅಂದವ್ರೆ, ಮುಟ್ಟಿಲ್ಲ. ಅದು ತಿರುಗದಿದ್ರೆ ಏನಂತೆ, ನಾನು ತಿರುಗ್ತಾ ಇವ್ನಿ," ಎಂದಳು, ನಿಲ್ಲದೆ.

ತೆಂಗಿನ ಮಟ್ಟೆ, ಗರಿ ಒಟ್ಟಿ ಸುಟ್ಟಳು. ಎಷ್ಟೋ ಬಿರುಕು ಬಿಟ್ಟವು. ನಾವು ವಾಲಗದೊಂದಿಗೆ ಹೋದ ದಿನ ಮಡಕೆ ಎತ್ತಿಕೊಟ್ಟದ್ದು ಅವಳ ಹಿರಿಮಗಳು. ಗಂಡ ಸತ್ತವಳೆಂದು ಅಜ್ಜಿ ಒಳಬಾಗಿಲಲ್ಲೇ ನಿಂತಿದ್ದಳು. ದೊಡ್ಡ ಮಡಕೆಯನ್ನು ಜಗುಲಿ ಮೇಲಿಟ್ಟಾಗ ಅದು ಒಂದು ಪಕ್ಕಕ್ಕೆ ವಾಲಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ನಮ್ಮ ದೊಡ್ಡಮ್ಮನನ್ನೇ ನೋಡುತ್ತಿದ್ದಳು. ಬೇಡ ಅನ್ನುವ ಅಧಿಕಾರ ಇದ್ದದ್ದು ಹಿರಿಯಳಾದ ಅವಳೊಬ್ಬಳಿಗೇ.

ದೊಡ್ಡಮ್ಮ ಮಡಕೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದಳು. "ಹೆಂಗಿದ್ರೂ ಅಕ್ಕಿ ಮ್ಯಾಲೆ ತಾನೆ ಕೂರ್ಸೋದು," ಎಂದು ತಲೆಗೇರಿಸಿಕೊಂಡಳು. ವಾಲಗ ಶುರುವಾಯಿತು.

ಚಪ್ಪರದಲ್ಲಿ ವಾಲಿದ ಕಡೆ ಅಕ್ಕಿ ಸ್ವಲ್ಪ ಹೆಚ್ಚು ಹಾಕಿದರು. ಆಮೇಲೆ ಅಜ್ಜಿ ಇರುವಷ್ಟು ಕಾಲವೂ ಊರವರು ಅವಳಿಂದಲೇ ಮಡಕೆ ತಂದು ಹಾಗೇ ಮಾಡಿದರು. ಅವಳ ನಂತರ ಸಂತೆಯ ಮಡಕೆಗಳು ಬಂದವು. ಅವಳು ತೀರಿಕೊಂಡಾಗ ನಾನು ಬೇಲೂರಿನಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ...

ಈಗ ಇಲ್ಲಿ ಎಲ್ಲವೂ ಇದೆ, ಕುಂಬಾರರ ಮನೆಯೊಂದಿಲ್ಲ. ಶಾಸ್ತ್ರ ಬಿಡಲಾಗದು ಎಂದು ಅಂಗಡಿಯ ಮಡಕೆಗಳನ್ನು ನಮ್ಮ ಹಿಂಬದಿಯ ಮನೆಯಲ್ಲಿಟ್ಟು, ಅಲ್ಲಿಗೇ ವಾಲಗದೊಂದಿಗೆ ಹೋಗಿ ತರುವುದೆಂದು ಮನೆಯವರು ತೀರ್ಮಾನಿಸಿದರು. ಒರೆಸಿದ ಮಡಕೆಗಳನ್ನು ನಾನೇ ಕೊಟ್ಟು ಬಂದೆ. ಆ ಮನೆಯಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಒಳ್ಳೆಯವರು.

"ವಾಲಗ ಬಂದಾಗ ನಾನೇನ್ ಮಾಡ್ಬೇಕು ಆಂಟಿ?" ಎಂದು ಕೇಳಿದರು.

"ಬಾಗಿಲು ತೆಗೆದು ನಿಂತ್ಕೊಳಿ, ಸಾಕು," ಎಂದೆ. ಆ ಬಾಗಿಲು ಉಳಿಸಿಕೊಳ್ಳಲು ಒಬ್ಬಳು ಸೊಂಟ ಬಗ್ಗಿಸಿ ಸುತ್ತಿದ್ದನ್ನು ಅವರಿಗೆ ಹೇಳಲಿಲ್ಲ. ಮನೆಗೆ ಬಂದು ಮಡಕೆ ಕೂರಿಸಲು ಅಕ್ಕಿ ಅಳೆದಿಟ್ಟೆ. ಈ ಮಡಕೆಗಳು ವಾಲುವುದಿಲ್ಲ.