ಪೈಪಿನ ಹೊಲಕ್ಕೆ ಚರಗ

ಬೈಲಹೊಂಗಲದ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಾಲ್ಕು ಪೈಪುಗಳಿವೆ. ಅವುಗಳಿಗೆ ತೂತು ಕೊರೆದು, ಪೋಷಕಾಂಶ ಬೆರೆಸಿದ ನೀರನ್ನು ಪಂಪಿನಿಂದ ಹರಿಸಿ, ಮಣ್ಣಿಲ್ಲದೆ ಮೆಂತ್ಯ ಬೆಳೆಯುತ್ತೇನೆ. ಬೆಳೆಯುತ್ತೇನೆ ಎಂದು ಹೇಳಿಕೊಳ್ಳುವ ಅಧಿಕಾರ ನನಗಿದೆಯೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ದೊಡವಾಡದಲ್ಲಿ ಹೊಲ ಮಾಡುವ ಅವ್ವನಿಗೆ ಒಮ್ಮೆ ವಿಜ್ಞಾನದ ಆವೇಶದಲ್ಲಿ ಹೇಳಿಬಿಟ್ಟೆ: "ಎಳ್ಳಮಾಸಿ ಮುಗದ ಮ್ಯಾಲ ಐತವಾರ ಬಾ ಬೇ. ರೊಟ್ಟಿ ನಿಂದು, ಮೆಂತೆ ನಂದು."

ನಮ್ಮ ಕಡೆ ಮೆಂತ್ಯದ ಸೊಪ್ಪನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ. ದೋಷ ಮುಚ್ಚಲು ಒಗ್ಗರಣೆಯೂ ಇರುವುದಿಲ್ಲ. ಅವ್ವ ಒಂದು ಹಿಡಿ ತಿಂದು ಒಪ್ಪಿದರೆ ಸಾಕಿತ್ತು. ಇಷ್ಟು ಕಠಿಣ ಪರೀಕ್ಷೆಯನ್ನು ವಿಶ್ವವಿದ್ಯಾಲಯವೂ ನನಗೆ ಒಡ್ಡಿರಲಿಲ್ಲ.

ಮೊದಲ ಬೆಳೆ ಪಾಚಿ. ಬಿಸಿಲು ತೂರುವ ಬಿಳಿ ಡಬ್ಬಿಯಲ್ಲಿ ನೀರಿಟ್ಟಿದ್ದರಿಂದ ಅದು ಸಮೃದ್ಧವಾಗಿ ಬಂತು. ಡಬ್ಬಿಗೆ ಗೋಣಿಚೀಲ ಸುತ್ತಿದ ಬಳಿಕ ಮೆಂತ್ಯ ಚಿಗುರಿತು. ದಿನಚರಿಯಲ್ಲಿ ಬರೆದೆ: 'ಬೇರಿನ ವರ್ಣ: ಶ್ವೇತ. ಬೆಳವಣಿಗೆ: ಆಶಾದಾಯಕ.'

ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಅಂದು ಹೊಲದ ನಾಲ್ಕೂ ದಿಕ್ಕಿಗೆ ಕೂಗುತ್ತ ಅಡುಗೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವೆ; ಅದೇ ಚರಗ. ಚೆಲ್ಲಿ ಮುಗಿಸಿದ ಅವ್ವ ಉಳಿದ ಕಡಬು, ಮೊಸರನ್ನವನ್ನು ಡಬ್ಬಿಗೆ ತುಂಬುತ್ತ ಅಂದಳು:

"ನಿನ್ನ ಪೈಪಿನ ಹೊಲಕ್ಕೂ ಒಂದ ತುತ್ತ ಒಯ್ಯಿ ಬೇ. ಬರೇ ನೀರ ಕುಡದ ಹಸದಿರತೈತಿ."

"ಅದಕ್ಕ ಬೇಕಾದ್ದೆಲ್ಲಾ ಅಳತಿ ಮಾಡಿ ಹಾಕೇನಿ ಅವ್ವಾ. ಇದೆಲ್ಲಾ ಬರೇ ನಂಬಿಕಿ."

"ಆತಳವ್ವಾ ಶಾಣ್ಯಾಕಿ, ನೀನರ ಉಣ್ಣು."

ಸಂಜೆ ಮರಳಿದಾಗ ಬೆಳಗಿನಿಂದ ಕರೆಂಟು ಇರಲಿಲ್ಲವೆಂದು ತಿಳಿಯಿತು. ಪಂಪು ನಿಂತು, ಮೆಂತ್ಯವೆಲ್ಲ ಪೈಪಿನ ಅಂಚಿಗೆ ಕತ್ತು ಚೆಲ್ಲಿತ್ತು. ಸ್ವಲ್ಪ ಹೊತ್ತಿಗೆ ಕರೆಂಟು ಬಂದು ನೀರು ಹರಿಯತೊಡಗಿದರೂ ಗಿಡಗಳು ಏಳಲಿಲ್ಲ. ಅವ್ವ ಬರಲಿರುವ ಐತವಾರ, ಅಂದರೆ ಭಾನುವಾರ, ಕಣ್ಣೆದುರು ನಿಂತಿತು. ನೆರೆಯ ಮಾಳಿಗೆಗಳ ಮೇಲೆ ಯಾರೂ ಇಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು, ಅವ್ವ ಕಟ್ಟಿಕೊಟ್ಟ ಕಡಬನ್ನು ಮುರಿದು ಮೊಸರನ್ನದಲ್ಲಿ ಕಲಸಿ ಪೈಪುಗಳೊಳಗೆ ಚೆಲ್ಲಿದೆ. ಪೈಪುಗಳು ನಾಲ್ಕೇ ಇದ್ದುದರಿಂದ ದಿಕ್ಕುಗಳೂ ಸರಿಹೋದವು. ಹೊಲದಲ್ಲಿ ಕೂಗುತ್ತಾರೆ, ನಾನು ಪಿಸುಗುಟ್ಟಿದೆ.

ಮರುದಿನ ಬೆಳಿಗ್ಗೆ ಮೆಂತ್ಯ ನೆಟ್ಟಗೆ ನಿಂತಿತ್ತು. ನೀರು ಮತ್ತೆ ಹರಿದದ್ದೇ ಕಾರಣವೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಆದರೂ ದಿನಚರಿಯಲ್ಲಿ, 'ಚೇತರಿಕೆಗೆ ಕಾರಣ: ನೀರು ಮತ್ತು ಇತರೆ' ಎಂದು ಬರೆದೆ.

'ಇತರೆ' ಮೂರನೆಯ ದಿನ ನಾರತೊಡಗಿತು. ಅನ್ನದ ಅಗುಳು ಸಿಕ್ಕಿ ಪಂಪು ಕಟ್ಟಿಕೊಂಡಿತು. ಶ್ವೇತವರ್ಣದ ಬೇರುಗಳು ಕಂದಾಗಿ ಕೊಳೆತವು. ನೀರು ಬದಲಿಸಿ, ಪಂಪು ತೊಳೆದರೂ ಐತವಾರಕ್ಕೆ ಉಳಿದದ್ದು ಕೊನೆಯ ಪೈಪಿನ ತುದಿಯ ಒಂದೇ ಗೊಂಚಲು.

ಅವ್ವ ರೊಟ್ಟಿ ಕಟ್ಟಿಕೊಂಡು ಬಂದಳು. ಮಾಳಿಗೆ ಹತ್ತಿ, ಪೈಪಿನ ಬಾಯಲ್ಲಿ ಬೆರಳಾಡಿಸಿ, ಏನನ್ನೋ ಹೊರತೆಗೆದು ಬಿಸಿಲಿಗೆ ಹಿಡಿದಳು.

"ಇದ ನನ್ನ ಕಡಬ ಅಲ್ಲೇನ ಬೇ?"

"ಅದು... ಬಿದ್ದೈತಿ."

"ಬಿದ್ದೈತಿ! ಕಡಬಿಗೆ ಕಾಲ ಬಂದಿದ್ದುವೇನ ಮಾಳಿಗಿ ಹತ್ತಾಕ?" ಎಂದವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಚರಗಾ ನೆಲಕ್ಕ ಚೆಲ್ತಾರ, ಹುಚ್ಚಿ. ಕುಡಿಯೂ ನೀರಾಗ ಯಾರರ ಮೊಸರನ್ನ ಕಲಸ್ತಾರೇನ?"

ಪದವೀಧರೆ ನಾನು ಡಬ್ಬಿಯ ಗೋಣಿಚೀಲವನ್ನು ಬಿಗಿಮಾಡತೊಡಗಿದೆ.

ಉಳಿದ ಗೊಂಚಲನ್ನು ಅವಳೇ ಕಿತ್ತು, ತೊಳೆದು, ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ನಾನು ಅವಳ ದವಡೆಯನ್ನೇ ನೋಡುತ್ತಿದ್ದೆ.

"ಮೆಂತೆನ ಐತಿ," ಅಂದಳು. ಆಮೇಲೆ ಕೈ ಚಾಚಿದಳು. "ಇನ್ನೊಂದೀಟ ಕೊಡ."

ಇನ್ನೊಂದಿಷ್ಟು ಇರಲಿಲ್ಲ.

ಅಂದಿನ ದಿನಚರಿಯಲ್ಲಿ 'ಇಳುವರಿ: ಒಂದು ತುತ್ತು' ಎಂದು ಬರೆದೆ. ದಾಖಲೆ ಅಪೂರ್ಣವಾಗಬಾರದೆಂದು, ಅವ್ವ ಎರಡನೆಯದನ್ನು ಕೇಳಿದ್ದನ್ನೂ ಬರೆದು ಅಡಿಗೆರೆ ಎಳೆದೆ.