ಕುಕ್ಕರಿನಲ್ಲಿ ಕ್ವೇಸಾರ್

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಕಾರವಾರದ ಬಳಿಯ ಬಿಣಗಾದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅವರು ನಿವೃತ್ತರಾದದ್ದು ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಆರು ತಿಂಗಳು ತೆಂಗಿನ ಗಿಡಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಟ್ಟರು. ಆಮೇಲೆ ಒಂದು ಭಾನುವಾರದ ಪುರವಣಿಯಲ್ಲಿ ಕ್ವೇಸಾರ್ ಬಗ್ಗೆ ಓದಿದರು. ಆಕಾಶದ ಅಂಚಿನಲ್ಲಿ ಇಡೀ ಗ್ಯಾಲಕ್ಸಿಗಿಂತ ಪ್ರಖರವಾಗಿ ಉರಿಯುವ ವಸ್ತು. ಅದರ ಬೆಳಕು ನಮ್ಮಲ್ಲಿಗೆ ತಲುಪುವಾಗ ಕೆಂಪಿನ ಕಡೆ ಸರಿದಿರುತ್ತದೆ. ಅಷ್ಟು ಸಾಕಾಯಿತು.

ಮುಂದಿನ ವಾರವೇ ಹಬ್ಬುವಾಡದ ನಮ್ಮ ಮನೆಗೆ ತಮ್ಮದೇ ಸಿದ್ಧಾಂತ ಬರೆದ ಇನ್ನೂರು ಪುಟದ ನೋಟುಪುಸ್ತಕ ಹಿಡಿದು ಬಂದರು. ನಾನು ಕಾರವಾರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. 'ಓದಿ ನೋಡಿದ್ದೇನೆ, ಸರಿಯಾಗಿದೆ' ಎಂದು ಬರೆದು ನಾನು ರುಜು ಹಾಕಬೇಕು ಎಂಬುದು ಅವರ ಅಪೇಕ್ಷೆ. ಅವರ ಪ್ರಕಾರ ಕ್ವೇಸಾರ್ ಎಂದರೆ ವಿಶ್ವದ ಸೇಫ್ಟಿ ವಾಲ್ವ್. ಒಳಗಿನ ಒತ್ತಡ ಹೆಚ್ಚಾದಾಗ ಅಲ್ಲಿಂದ ಹೊರಗೆ ಹಾರುತ್ತದೆ. ಕುಲುಮೆಯಿಂದ ತೆಗೆದ ಕಬ್ಬಿಣ ತಣಿಯುತ್ತಾ ಕೆಂಪಾಗುವಂತೆ ಅದರ ಬೆಳಕೂ ದಾರಿಯಲ್ಲಿ ತಣಿದು ಕೆಂಪಾಗುತ್ತದೆ. ಇದೇ ಸಿದ್ಧಾಂತದಿಂದ ಆ ವರ್ಷ ಮಳೆ ತಡವಾದದ್ದು, ನಮ್ಮ ಫೋನು ಪದೇ ಪದೇ ಸಾಯುವುದು ಮತ್ತು ಅವರ ಹೆಂಡತಿಯ ಮಂಡಿನೋವು, ಮೂರಕ್ಕೂ ಕಾರಣ ಸಿಕ್ಕಿತ್ತು.

ನಾನು ರುಜು ಹಾಕಲಿಲ್ಲ. ನೋಯಿಸುವುದೂ ಬೇಡವೆನಿಸಿ, "ಇದ್ರಲ್ಲಿ ಎಲ್ಲಾ ಅದೆ ಭಾವ, ಮಾಡೆಲ್ ಒಂದಿಲ್ಲ" ಎಂದೆ. ಲೆಕ್ಕ ಹಾಕಿ, ಇಂಥದ್ದು ಕಂಡರೆ ಸರಿ, ಇಂಥದ್ದು ಕಂಡರೆ ತಪ್ಪು ಎಂದು ಹೇಳಬಲ್ಲ ಮಾಡೆಲ್ ಎಂಬುದು ನನ್ನ ಅರ್ಥ.

ಭಾವ ಮುಖ ಅರಳಿಸಿಕೊಂಡು ಹೋದರು. ಹದಿನೈದು ದಿನ ಕಳೆದ ಮೇಲೆ ಒಂದು ಟೆಂಪೋ ಬಂದು ಮನೆಮುಂದೆ ನಿಂತಿತು. ಅದರಲ್ಲಿ ಮಾಡೆಲ್ ಇತ್ತು. ಆಳೆತ್ತರದ ಕಬ್ಬಿಣದ ಚೌಕಟ್ಟು, ಸುತ್ತ ಥರ್ಮಾಕೋಲಿನ ಗ್ಯಾಲಕ್ಸಿ, ನಡುವೆ ಅವರ ಹೆಂಡತಿಯ ಐದು ಲೀಟರಿನ ಕುಕ್ಕರು, ಅದರ ಹಿಂದೆ ಕೆಂಪು ಕಾಗದ ಅಂಟಿಸಿದ ಸ್ಕೂಟರ್ ದೀಪ. ಕುಕ್ಕರು ಸೀಟಿ ಹೊಡೆದರೆ ದೀಪ ಹತ್ತುತ್ತಿತ್ತು.

ಆ ತಿಂಗಳು ಅಂಕೋಲೆಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು, ನಾನು ತೀರ್ಪುಗಾರ. ಭಾವ ಹಿಂದಿನ ದಿನವೇ ಅಲ್ಲಿಗೆ ಹೋಗಿ ಸಂಘಟಕರನ್ನು ಒಪ್ಪಿಸಿ, ಹಲ್ಲುಜ್ಜುವ ಕ್ರಮ ಮತ್ತು ಮಳೆನೀರು ಕೊಯ್ಲಿನ ನಡುವೆ ಜಾಗ ಹಿಡಿದಿದ್ದರು. ಜನ ಅಲ್ಲೇ ನೆರೆದರು. ಕುಕ್ಕರಿನ ಕೆಳಗೆ ಒಲೆ ಹಚ್ಚಿ ಇಪ್ಪತ್ತು ನಿಮಿಷವಾದರೂ ಸೀಟಿ ಬರಲಿಲ್ಲ. ವಿಶ್ವದಲ್ಲಿ ಈಗ ಒತ್ತಡ ಕಡಿಮೆ ಇದೆ, ಇದರಿಂದಲೂ ಸಿದ್ಧಾಂತ ಸಾಬೀತಾಗುತ್ತದೆ ಎಂದು ಭಾವ ವಿವರಿಸಿದರು.

ಮುಂದೆ ನಿಂತಿದ್ದವರು ಮಂಜಗುಣಿಯಲ್ಲಿ ತಾರಿ ದೋಣಿ ನಡೆಸಿ ಜನರನ್ನು ಹೊಳೆ ದಾಟಿಸುವವರು. ಮಗಳು ಮಾಡಿದ ಗಾಳಿಯಂತ್ರ ನೋಡಲು ಬಂದಿದ್ದರು. ಅವರು ಮೆಲ್ಲಗೆ ಕೇಳಿದರು: "ಸೀಟಿ ಹೊಡೆದ್ರೂ ನಿಮ್ದೇ ಸರಿ, ಹೊಡೀದೆ ಇದ್ರೂ ನಿಮ್ದೇ ಸರಿ. ಹಂಗಾರೆ ಒಲೆ ಹಚ್ಚೂದು ಎಂತಕೆ?"

ತಾರಿಯವರು ತಮ್ಮ ಕಷ್ಟ ಹೇಳಿಕೊಂಡರು. ಹನ್ನೊಂದಕ್ಕೆ ಭರತಿ ಬಂದು ನೀರು ಏರುತ್ತದೆ ಎಂದು ಅವರು ಹೇಳಿದರೆ ಜನ ಹನ್ನೊಂದಕ್ಕೇ ಬರುತ್ತಾರೆ. ನೀರು ಏರದಿದ್ದರೆ ದೋಣಿ ಕೆಸರಲ್ಲಿ ಕೂರುತ್ತದೆ, ಎಲ್ಲರೂ ಬೈಯುತ್ತಾರೆ, ಮಾರನೆಯ ದಿನ ಲೆಕ್ಕ ತಿದ್ದಿಕೊಳ್ಳಬೇಕಾಗುತ್ತದೆ.

ಕಾರವಾರಕ್ಕೆ ಮರಳುವ ಬಸ್ಸಿನಲ್ಲಿ ಭಾವ, "ಮಾಸ್ತರ, ಬೆಂಕಿ ಹಚ್ಚಿದ್ರೂ ಆರ್ಸಿದ್ರೂ ಮುಳ್ಳು ಒಂದೇ ಕಡೆ ನಿಂತ್ರೆ ಆ ಮೀಟರನ್ನ ಕಾರ್ಖಾನೇಲಿ ನಾವು ಬಿಚ್ಚಿ ಬಿಸಾಡ್ತಿದ್ವಿ. ನನ್ನ ಸಿದ್ಧಾಂತ ತಪ್ಪು ಅಂತಾಗೂಕೆ ಎಂತ ಕಾಣ್ಬೇಕು, ಅದೊಂದು ಹೇಳು" ಎಂದರು.

ಹೇಳಿದೆ. ಪ್ರತಿ ಮೂಲವಸ್ತುವೂ ಬೆಳಕಿನಲ್ಲಿ ತನ್ನದೇ ಗೆರೆ ಎಳೆಯುತ್ತದೆ, ಉಪ್ಪಿನ ಸೋಡಿಯಂನದು ಹಳದಿ ಗೆರೆ. ಕ್ವೇಸಾರಿನಲ್ಲಿ ಆ ಗೆರೆಗಳೇ ಜಾಗ ಬಿಟ್ಟು ಕೆಂಪಿನತ್ತ ಸರಿದಿರುತ್ತವೆ. ಬರೀ ತಣಿದರೆ ಗೆರೆ ಸರಿಯುವುದೇ ಎಂದು ನೋಡಬೇಕು. ಹಳೆಯ ಸೀಡಿಯೊಂದನ್ನು ಓರೆಯಾಗಿ ಹಿಡಿದರೆ ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ ಎಂದೂ ತಿಳಿಸಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಫೋನು ಬಂತು. ಎತ್ತಿದ್ದು ನನ್ನ ಹೆಂಡತಿ. "ನಮ್ದು ಹೋಯ್ತು. ಏಳು ಗಂಟಿಗೆ. ಮಾಸ್ತರಿಗೆ ಹೇಳು," ಎಂದು ಭಾವ ಹೇಳಿದ್ದಷ್ಟೇ ಕೇಳಿಸಿತು, ಲೈನು ಕಟ್ಟಾಯಿತು. ಅವಳ ಅಕ್ಕನಿಗೆ ಹಿಂದಿನ ವಾರವಷ್ಟೇ ಬಿಪಿ ಏರಿತ್ತು. ಅಕ್ಕನೇ ಹೋದಳೆಂದು ತಿಳಿದು ನನ್ನ ಹೆಂಡತಿ ಅಂಕೋಲೆಯ ಚಿಕ್ಕಮ್ಮನಿಗೆ ಸುದ್ದಿ ಮುಟ್ಟಿಸಿದಳು. ನಾನು ಕಾಲೇಜಿಗೆ ರಜೆ ಹೇಳಿದೆ. ಇಬ್ಬರೂ ಸಿಕ್ಕ ಬಸ್ಸು ಹತ್ತಿದೆವು.

ಬಿಣಗಾದ ಮನೆಯ ಜಗಲಿಯಲ್ಲಿ ಅಕ್ಕ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು. ನನ್ನ ಹೆಂಡತಿ ಓಡಿಹೋಗಿ ತಬ್ಬಿಕೊಂಡು ಅತ್ತಳು. ನಮ್ಮ ಮನೆಯಲ್ಲೇ ಯಾರೋ ತೀರಿಕೊಂಡರೆಂದು ತಿಳಿದು ಅಕ್ಕನೂ ಅತ್ತಳು. ಅಕ್ಕ ಮೀನಿನ ಕೈ ಮೇಲೆತ್ತಿಕೊಂಡಿದ್ದಂತೆಯೇ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಿದರು. ಅಷ್ಟರಲ್ಲಿ ಭಾವ ಅಡುಗೆಮನೆಯಿಂದ ಸೀಡಿ ಹಿಡಿದು ಹೊರಬಂದರು. ಗ್ಯಾಸಿನ ಉರಿಗೆ ಉಪ್ಪು ಉದುರಿಸಿ, ಉರಿ ದೊಡ್ಡದು ಮಾಡಿ, ಸಣ್ಣದು ಮಾಡಿ ನಾಲ್ಕು ದಿನ ನೋಡಿದ್ದರು. ಹಳದಿ ಗೆರೆ ಕೂದಲೆಳೆಯಷ್ಟೂ ಕದಲಲಿಲ್ಲ. ತಣಿದರೆ ಗೆರೆ ಸರಿಯುವುದಿಲ್ಲ, ಹಾಗಾಗಿ ಸಿದ್ಧಾಂತ ಹೋಯಿತು ಎಂದು ತಿಳಿಸಿದರು. ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಹತ್ತರ ಹೊತ್ತಿಗೆ ಚಿಕ್ಕಮ್ಮ ಐದಾರು ಮಂದಿಯೊಂದಿಗೆ ಸೇವಂತಿಗೆ ಮಾಲೆ ತಂದಳು. ಸಾವಿಗೆಂದು ತಂದ ಮಾಲೆ ದೇವರಿಗೂ ಸಲ್ಲದು, ಮುಡಿಗೂ ಸಲ್ಲದು. ಕೊನೆಗೆ ಅದನ್ನು ಮಾಡೆಲ್ಲಿಗೇ ಹಾಕಿದರು. ಸತ್ತದ್ದು ಏನೆಂದು ಬಂದವರಿಗೆಲ್ಲ ಭಾವ ಮೊದಲಿನಿಂದ ವಿವರಿಸಿದರು.

ಹಾಗಾದರೆ ಕ್ವೇಸಾರ್ ನಿಜವಾಗಿ ಏನು ಎಂದು ಚಿಕ್ಕಮ್ಮ ನನ್ನನ್ನು ಕೇಳಿದಳು. ದೂರದ ಗ್ಯಾಲಕ್ಸಿಯ ನಡುವಿನ ಭಾರೀ ಕಪ್ಪುಕುಳಿಗೆ ಅನಿಲ ಸುತ್ತುತ್ತಾ ಬೀಳುವಾಗ ಕಾದು ಹೊಳೆಯುತ್ತದೆ ಎಂದೆ. ನೀನು ನೋಡಿದ್ದೀಯಾ ಎಂದಳು. ಇಲ್ಲವೆಂದೆ. ಅವಳು ಭಾವನ ಕಡೆ ತಿರುಗಿ, ಇವನ ಮಾತಿಗಿಂತ ನಿನ್ನ ವಾಲ್ವೇ ವಾಸಿಯಿತ್ತು ಎಂದಳು. ಭಾವ ನನ್ನ ಪರ ನಿಂತರು. "ಅವ್ರದ್ದು ತಪ್ಪಾದ್ರೆ ಎಲ್ಲಿ ತಪ್ಪು ಅಂತ ತೋರ್ಸೂಕೆ ಜಾಗ ಅದೆ. ಸದ್ಯಕ್ಕೆ ಅದೇ ಇರ್ಲಿ."

ಚಿಕ್ಕಮ್ಮನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಬಂದದ್ದಾಗಿದೆ, ಊಟ ಮಾಡಿಯೇ ಹೋಗೋಣ ಎಂದಳು. ಮೀನು ಸಾಲದೆ ಅಕ್ಕ ಇನ್ನಷ್ಟು ತರಿಸಿದಳು. ನಾವೆಲ್ಲ ಮೂರು ಗಂಟೆಗೆ ನಮ್ಮ ನಮ್ಮ ಊರಿನ ಬಸ್ಸಿಗೆ ಹೊರಟೆವು.