ಆಷಾಢದ ಗಾಳಿ, ಶಾಂತಿಯ ಕಪ್ಪುಬಟ್ಟೆ

ದೊಡ್ಡಗದ್ದವಳ್ಳಿ ದೇವಸ್ಥಾನದ ನೆಗೆಟಿವ್‌ನಲ್ಲಿ ಪ್ರತಿ ಶಿಖರಕ್ಕೂ ಎರಡೆರಡು ಅಂಚು ಬಂದಿದ್ದವು. ಹಾಸನದ ಫೋಟೋಗ್ರಾಫರ್ ಶಾಂತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಚಿತ್ರ ತೆಗೆಯುವಾಗ ಕ್ಯಾಮೆರಾ ಅಲುಗಿತ್ತು.

ಜಿಲ್ಲೆಯ ಹೊಯ್ಸಳ ದೇವಾಲಯಗಳನ್ನು ದಾಖಲಿಸಲು ಹೊರಟಿರುವ ಖಾಸಗಿ ಟ್ರಸ್ಟೊಂದು ಅವರಿಗೆ ಎರಡು ಪರೀಕ್ಷೆ ಒಡ್ಡಿತ್ತು. ದೊಡ್ಡಗದ್ದವಳ್ಳಿ ಮೊದಲನೆಯದು, ಮೊಸಳೆ ಎರಡನೆಯದು. ಗೋಡೆಯಷ್ಟು ದೊಡ್ಡದು ಮಾಡಿದರೂ ಶಿಲ್ಪದ ಗೆರೆ ಮಸುಕಾಗಬಾರದು, ಕಂಬಗಳು ವಾಲಬಾರದು ಎಂಬ ಕಾರಣಕ್ಕೆ ಟ್ರಸ್ಟ್‌ಗೆ ಹಳೇ ಮಾದರಿಯ ದೊಡ್ಡ ಮರದ ಕ್ಯಾಮೆರಾವೇ ಬೇಕಿತ್ತು. ಮೊಸಳೆಯದೂ ಕೆಟ್ಟರೆ ಹನ್ನೆರಡು ದೇವಾಲಯಗಳ ಕೆಲಸ, ಅಂದರೆ ಒಂದು ವರ್ಷದ ಕೆಲಸ, ಬೇರೆ ತಂಡಕ್ಕೆ ಹೋಗುತ್ತದೆ. ಉಸ್ತುವಾರಿ ನೋಡುತ್ತಿದ್ದ ಚನ್ನರಾಯಪಟ್ಟಣದ ಎಂಜಿನಿಯರ್ ಹರ್ಷವರ್ಧನ್ ಇದನ್ನು ಫೋನಿನಲ್ಲಿ ಸೌಜನ್ಯದಿಂದಲೇ ತಿಳಿಸಿದ್ದರು.

ಶಾಂತಿಗೆ ಈಗ ನಲವತ್ತಾರು. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ತಾಯಿಯ ಜೊತೆ ನಾಟಿ ಕೂಲಿಗೆ ಹೋಗುತ್ತಿದ್ದವರು ಹತ್ತೊಂಬತ್ತನೇ ವಯಸ್ಸಿಗೆ ಹಾಸನದ ಈಶ್ವರಯ್ಯನವರ ಸ್ಟುಡಿಯೋದಲ್ಲಿ ಕಸ ಗುಡಿಸಲು ಸೇರಿದರು. ಎರಡು ವರ್ಷದೊಳಗೆ ಕತ್ತಲೆಕೋಣೆಯ ಕೆಲಸ ಕಲಿತರು, ಐದು ವರ್ಷದೊಳಗೆ ಕ್ಯಾಮೆರಾ ಕಲಿತರು. ಕಣ್ಣಿಗೆ ಪೊರೆ ಬಂದ ಮೇಲೆ ಈಶ್ವರಯ್ಯ ಮರದ ಕ್ಯಾಮೆರಾವನ್ನು ಅವರ ಕೈಗಿಟ್ಟರು. ಸಂಸಾರ ನಡೆಯುವುದು ಪಾಸ್‌ಪೋರ್ಟ್ ಫೋಟೋಗಳಿಂದ. ಆದರೆ ಕೆಲಸ ಯಾವುದು ಎಂದು ಕೇಳಿದರೆ ಶಾಂತಿ ತೋರಿಸುವುದು ಮರದ ಕ್ಯಾಮೆರಾವನ್ನು.

ಆ ಕ್ಯಾಮೆರಾದ ಹಿಂಬದಿಯಲ್ಲಿ ಮಸುಕು ಗಾಜೊಂದಿದೆ. ಎದುರಿನ ದೃಶ್ಯ ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬಯಲ ಬೆಳಕಿನಲ್ಲಿ ಅದು ಕಾಣುವುದಿಲ್ಲ. ತಲೆಯ ಮೇಲೂ ಕ್ಯಾಮೆರಾದ ಮೇಲೂ ಕಪ್ಪುಬಟ್ಟೆ ಹೊದ್ದುಕೊಂಡರೆ ಮಾತ್ರ ಗೆರೆ ಗೆರೆಯೂ ಕಾಣುತ್ತದೆ. ಸ್ಟುಡಿಯೋದೊಳಗೆ ಇದು ತೊಂದರೆಯೇ ಅಲ್ಲ. ನೋಡಿ ಮುಗಿದ ಮೇಲೆ ಬಟ್ಟೆಯನ್ನು ಕ್ಯಾಮೆರಾದ ಮೇಲೇ ಬಿಡುವುದು ಈಶ್ವರಯ್ಯನವರ ರೂಢಿ, ಶಾಂತಿಯದೂ ಅದೇ. ಬಯಲಲ್ಲಿ ಬಟ್ಟೆ ಹಾರದಿರಲಿ ಎಂದು ಶಾಂತಿ ಹೇಮಾವತಿಯ ಮೀನುಗಾರರಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಅಂಚಿಗೆ ಹೊಲಿದಿದ್ದರು. ದೊಡ್ಡಗದ್ದವಳ್ಳಿಯಲ್ಲಿ ಗಾಳಿ ಬೀಸಿದಾಗ ಬಟ್ಟೆ ಹಾರಲಿಲ್ಲ, ತೂಗಾಡಿತು. ಚಿತ್ರಕ್ಕೆ ಬೇಕಿದ್ದ ಒಂದು ಸೆಕೆಂಡಿನಲ್ಲೇ ಗುಂಡುಗಳು ಕ್ಯಾಮೆರಾದ ಕಾಲಿಗೆ ಬಡಿದವು.

ಶಾಂತಿ ಗುಂಡುಗಳನ್ನೆಲ್ಲ ಕತ್ತರಿಸಿ ತೆಗೆದರು. ಬಟ್ಟೆಯನ್ನು ಕ್ಯಾಮೆರಾಕ್ಕೆ ಬಿಗಿಯುವುದು ಹೇಗೆ ಎಂದು ಒಂದು ದಿನ ಯೋಚಿಸಿದರು. ಮರುದಿನ ಯೋಚನೆಯೇ ಬದಲಾಯಿತು: ಬಟ್ಟೆ ಕ್ಯಾಮೆರಾದ ಮೇಲೆ ಯಾಕಿರಬೇಕು? ಜಡಿಮಳೆಯಲ್ಲಿ ನಾಟಿ ಹಾಕುವಾಗ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೆ ಹಾಕಿಕೊಳ್ಳುತ್ತಿದ್ದ ಕೊಪ್ಪೆ ನೆನಪಾಯಿತು. ದಿನವಿಡೀ ಬಗ್ಗಿ ಎದ್ದರೂ, ಎರಡೂ ಕೈಗೆ ಕೆಲಸವಿದ್ದರೂ ಕೊಪ್ಪೆ ಜಾರುತ್ತಿರಲಿಲ್ಲ. ಅವರು ಕಪ್ಪುಬಟ್ಟೆಯನ್ನು ಚೀಲದಂತೆ ಹೊಲಿದು ಕೊಪ್ಪೆ ಮಾಡಿದರು. ಬಿಸಿಲಿಗೆ ತಲೆ ಕಾಯದಂತೆ ಹೊರಗೆ ಬಿಳಿ ಬಟ್ಟೆ ಕೊಟ್ಟರು. ತಾರಸಿಯಲ್ಲಿ ಹಾಕಿಕೊಂಡು ನೋಡಿದಾಗ ಉಸಿರಿಗೆ ಗಾಜು ಮಂಜಾಯಿತು. ಗದ್ದದ ಕೆಳಗೆ ಹೊಲಿಗೆಯನ್ನು ಅಂಗೈಯಗಲ ಬಿಚ್ಚಿದರು, ಅದೂ ಸರಿಹೋಯಿತು.

ಶುಕ್ರವಾರ ಬೆಳಿಗ್ಗೆ ಮೊಸಳೆಯ ಜೋಡಿ ದೇವಾಲಯಗಳ ಮುಂದೆ ಗಾಳಿ ಬಲವಾಗಿಯೇ ಇತ್ತು. ಗಾಳಿಗೆ ಅಡ್ಡ ಹಿಡಿಯಲು ಹರ್ಷವರ್ಧನ್ ತಂದಿದ್ದ ಕೊಡೆ ಬಿಚ್ಚಿದ ಕೂಡಲೇ ಮಗುಚಿಕೊಂಡಿತು.

"ಇವತ್ತು ಬೇಡ ಬಿಡಿ ಮೇಡಂ, ಇನ್ನೊಂದಿನ ನೋಡೋಣ," ಎಂದರು ಅವರು.

"ಆಷಾಡ್ದಲ್ಲಿ ಯಾವ್ ದಿನ ಗಾಳಿ ಇರಾಕಿಲ್ಲ ಸಾ? ನೀವು ಆ ಕಡೆ ನಿಂತ್ಕಳಿ, ಕೊಡೆ ಮಡಚ್ಬುಡಿ," ಎಂದು ಶಾಂತಿ ಕೊಪ್ಪೆ ಹಾಕಿಕೊಂಡರು.

ಹಸು ಹಿಡಿದುಕೊಂಡು ಹೋಗುತ್ತಿದ್ದ ಊರಿನ ರೈತ ಚಿಕ್ಕಯ್ಯ ಅಲ್ಲೇ ನಿಂತ. "ಅಲ್ಲ ಕಣವ್ವಾ, ಒಂದ್ ಅನಿ ಮಳೆ ಇಲ್ಲ, ಕೊಪ್ಪೆ ಆಕ್ಕೊಂಡು ಯಾವ್ ಗದ್ದೆಗೆ ಒಂಟಿದ್ದೀ?"

"ಇದೇ ನನ್ ಗದ್ದೆ ಕಣಣ್ಣ. ನಿನ್ ಅಸೂನ ಅತ್ಲಾಗಿ ಇಡ್ಕೋ. ಪಟದೊಳಗೆ ತಲೆಕೆಳಗಾಗಿ ನಿಂತೈತೆ."

"ತಲೆಕೆಳಗಾದ್ರೆ ಆಲು ಕೊಡಾಕಿಲ್ಲ ಕಣವ್ವಾ," ಎಂದು ಚಿಕ್ಕಯ್ಯ ನಗುತ್ತಾ ಹಗ್ಗ ಎಳೆದುಕೊಂಡು ಪಕ್ಕಕ್ಕೆ ಸರಿದ.

ಕೊಪ್ಪೆಯ ಎರಡು ಅಂಚನ್ನು ಕ್ಯಾಮೆರಾದ ಹಿಂಬದಿಗೆ ಸುತ್ತಿ, ಎಡಗೈಯಲ್ಲಿ ಕೆಳಗೆ ಹಿಡಿದು, ಬಲಗೈಯಲ್ಲಿ ಭೂತಗನ್ನಡಿ ಇಟ್ಟು ಶಾಂತಿ ಗಾಜನ್ನು ನೋಡಿದರು. ಎರಡೂ ಗುಡಿಗಳ ಗೋಡೆ ನೆಟ್ಟಗೆ ನಿಲ್ಲುವವರೆಗೆ, ನಡುವಿನ ಕಿರಿದಾದ ಆಕಾಶ ಎರಡೂ ಬದಿಗೆ ಸಮವಾಗುವವರೆಗೆ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸಿದರು. ಆಮೇಲೆ ಅಂಚು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. ಬಟ್ಟೆ ಅವರ ಜೊತೆಗೇ ಬಂತು. ಗಾಳಿಗೆ ಸಿಗುವಂಥದ್ದು ಕ್ಯಾಮೆರಾದ ಮೇಲೆ ಏನೂ ಉಳಿಯಲಿಲ್ಲ.

ಫಿಲ್ಮ್ ಸೇರಿಸಿ, ಶಟರ್ ತೆರೆಯುವ ವೈರಿನ ತುದಿ ಹಿಡಿದು ಕಾದರು. ಕೊಪ್ಪೆ ಬೆನ್ನ ಮೇಲೆ ಪಟಪಟ ಬಡಿಯುತ್ತಿತ್ತು. ಹರ್ಷವರ್ಧನ್ ಗಡಿಯಾರ ನೋಡಿದರು. ಶಾಂತಿ ನೋಡುತ್ತಿದ್ದುದು ಗೋಡೆ ಬುಡದ ಹುಲ್ಲನ್ನು. ಆರನೇ ನಿಮಿಷಕ್ಕೆ ಹುಲ್ಲು ನಿಂತಿತು, ಅವರು ವೈರು ಒತ್ತಿದರು. ಇನ್ನೊಮ್ಮೆ ಹುಲ್ಲು ನಿಂತಾಗ ಇನ್ನೊಂದು. ನಾಲ್ಕು ಫಿಲ್ಮ್ ತಂದಿದ್ದವರು ಎರಡಕ್ಕೇ ಮುಗಿಸಿದರು.

"ಇನ್ನೆರಡು ತೆಗೆದುಬಿಡಿ, ಸೇಫ್ಟಿಗೆ," ಎಂದರು ಹರ್ಷವರ್ಧನ್.

"ಎಲ್ಡೂ ಬಂದೈತೆ ಸಾ. ಬ್ಯಾಡ."

ಸಂಜೆ ಐದಕ್ಕೆ ಸ್ಟುಡಿಯೋದಲ್ಲಿ ನೆಗೆಟಿವ್‌ಗಳು ಒಣಗಿದವು. ಹರ್ಷವರ್ಧನ್ ಬೆಳಕಿನ ಪೆಟ್ಟಿಗೆಯ ಮೇಲೆ ಬಗ್ಗಿ, ಭೂತಗನ್ನಡಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಾ ಹೋದರು. ಗೋಡೆಯ ಮೇಲಿನ ಒಂದು ವಿಗ್ರಹದ ಮೇಲೆ ಭೂತಗನ್ನಡಿ ನಿಂತಿತು.

"ಕೊರಳ ಸರದ ಮಣಿ ಎಣಿಸಬಹುದು," ಎಂದರು. ಆಮೇಲೆ ಚೀಲದಿಂದ ಹನ್ನೆರಡು ದೇವಾಲಯಗಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಅರಕಲಗೂಡಿನ ಕಡೆಯದನ್ನ ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಗಾಳಿ ಇನ್ನೂ ಜಾಸ್ತಿ."

ಶಾಂತಿ ಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. "ಸೋಮವಾರ ಅಲ್ಲಿಗೇ ಓಗಾಣ ಸಾ. ಆರು ಗಂಟೆಗೆ ಗಾಡಿ ತನ್ನಿ."